ಒಗೆದುಹೋದ ಪಾಸ್‌ಕೀ, ನಮ್ಮ ಮಾವನ ಎರಡು ಕಣ್ಣು

ಸಾರ್ವಜನಿಕ ಆರೋಗ್ಯ ಸೇವೆಯ ಜಾಲತಾಣಕ್ಕೆ ಹಗಲಿರುಳು ಕಾವಲು ನಿಂತಿರುವ ಭದ್ರತಾ ಮುಖ್ಯಸ್ಥರೇ, ಮಾನ್ಯರೇ,

ನಮ್ಮ ಮಾವನವರ ಕಣ್ಣಿನ ಪೊರೆ ತೆಗೆಸಲು ಏಳು ತಿಂಗಳು ಕಾದು ಪಡೆದ ದಿನಾಂಕವನ್ನು ನಿಮ್ಮ ಜಾಲತಾಣ ಮೂರೇ ದಿನದಲ್ಲಿ ಕಿತ್ತುಕೊಂಡಿತು. ಅವರ ಖಾತೆಯ ಪಾಸ್‌ಕೀಯನ್ನು ನಾನು ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದಾಗ ನೀವು ಕೂಡದು ಎಂದಿರಿ. ಫೋನಿನಲ್ಲೇ ಇಡು ಎಂದಿರಿ. ಇಟ್ಟೆ. ಆ ಫೋನು ಹಾಳಾಯಿತು. ಈಗ ನಿಮ್ಮ ಬಾಗಿಲಿಗೆ ನಮ್ಮ ಗುರುತೇ ಸಿಗುತ್ತಿಲ್ಲ. ಇದನ್ನೆಲ್ಲ ಊರಿಗೆ ಡಂಗುರ ಸಾರುವ ಬದಲು ನಮ್ಮ ಕಚೇರಿಗೇ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬರೆಯಲು ಹೋದೆ, ಮಾನ್ಯರೇ. ಲಾಗಿನ್ ಆಗಲು ತೊಂದರೆಯಾಗುತ್ತಿದೆ ಎಂಬ ದೂರನ್ನು ದಾಖಲಿಸಲು ಮೊದಲು ಲಾಗಿನ್ ಆಗಬೇಕಂತೆ. ಪತ್ರಿಕೆಯವರು ಅಷ್ಟೆಲ್ಲ ಕೇಳುವುದಿಲ್ಲ, ಲಕೋಟೆಯ ಮೇಲೆ ಅಂಚೆಚೀಟಿ ಇದ್ದರೆ ಸಾಕು ಅವರಿಗೆ.

ನಾವು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮದು ಲಾಂಡ್ರಿ. ಮುಂದೆ ಕೌಂಟರು, ಅದರ ಹಿಂದೆ ನಮ್ಮವರ ಇಸ್ತ್ರಿ ಮೇಜು, ಅದರ ಹಿಂದೆ ಮೂರು ದೊಡ್ಡ ಯಂತ್ರ, ಎಲ್ಲಕ್ಕಿಂತ ಹಿಂದೆ ಕಿಟಕಿಯ ಪಕ್ಕ ನಮ್ಮ ಮಾವನವರ ಕುರ್ಚಿ. ಅವರದು ರಫು ಕೆಲಸ. ಸಿಗರೇಟಿನ ಕಿಡಿ ಬಿದ್ದ ಕೋಟು, ಹುಳ ತಿಂದ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು ಬಂದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು ತೂತಿನ ಮೇಲೆ ಹೊಸದಾಗಿ ನೇಯ್ದು ಮುಚ್ಚುತ್ತಾರೆ. ಮುಚ್ಚಿದ ಮೇಲೆ ತೂತು ಎಲ್ಲಿತ್ತೆಂದು ಬಟ್ಟೆಯ ಒಡೆಯರಿಗೇ ಗೊತ್ತಾಗುವುದಿಲ್ಲ. ಒಬ್ಬ ಗಿರಾಕಿಯಂತೂ ಇದು ನನ್ನ ಕೋಟೇ ಅಲ್ಲ, ನನ್ನದರಲ್ಲಿ ತೂತಿತ್ತು ಎಂದು ಕೌಂಟರಿಗೆ ಬಂದು ಜಗಳ ತೆಗೆದಿದ್ದರು. ಆ ಜಗಳವನ್ನು ನಮ್ಮ ಮಾವ ಇವತ್ತಿಗೂ ಮೆಲುಕು ಹಾಕುತ್ತಾರೆ. ಬೇರೆ ಯಾವ ಹೊಗಳಿಕೆಯೂ ಅವರಿಗೆ ಅಷ್ಟು ರುಚಿಸಿಲ್ಲ.

ಎರಡು ವರ್ಷದಿಂದ ಅವರಿಗೆ ದೀಪದ ಸುತ್ತ ಬಳೆ ಕಾಣಿಸುತ್ತಿದೆ. ಕಪ್ಪು ಯಾವುದು, ಕಡುನೀಲಿ ಯಾವುದು ಎಂಬುದು ತಿಳಿಯುತ್ತಿಲ್ಲ. ತಿಳಿಯುತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಪೈಕಿಯೂ ಅವರಲ್ಲ. ಎರಡು ದಾರ ಹಿಡಿದು, ಮೇಷ್ಟ್ರು ಮಕ್ಕಳನ್ನು ಕೇಳುವ ಹಾಗೆ, ಇದು ಯಾವ ಬಣ್ಣ ಹೇಳು ನೋಡೋಣ ಎನ್ನುತ್ತಾರೆ. ನಾನು ಹೇಳುತ್ತೇನೆ. ಪರವಾಗಿಲ್ಲ, ಕಲಿತಿದ್ದೀಯ ಎನ್ನುತ್ತಾರೆ. ಈ ನಾಟಕ ಎಷ್ಟು ದಿನ ನಡೆದೀತು? ವೈದ್ಯರು ಎರಡೂ ಕಣ್ಣಿನ ಪೊರೆ ತೆಗೆಯಬೇಕು ಎಂದರು. ಮೊದಲು ಬಲಗಣ್ಣು, ಮೂರು ವಾರ ಬಿಟ್ಟು ಎಡಗಣ್ಣು. ನಿಮ್ಮ ಜಾಲತಾಣದಲ್ಲಿ ಹೆಸರು ಬರೆಸಿ ಎಂದರು. ಬರೆಸಿದೆವು. ಅಲ್ಲಿಂದ ಏಳು ತಿಂಗಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅನ್ನುತ್ತಾರಲ್ಲ, ಹಾಗೆ ಕಾದೆವು. ಅವರ ಕಣ್ಣಿನ ಸ್ಥಿತಿಯಲ್ಲಿ ಆ ಮಾತು ಆಡಬಾರದು, ಆದರೂ ಬೇರೆ ಮಾತು ಹೊಳೆಯುತ್ತಿಲ್ಲ.

ಈಗ ಪಾಸ್‌ವರ್ಡಿನ ಪುರಾಣ. ಮೊದಲು ನೀವು ಪಾಸ್‌ವರ್ಡು ಕೇಳುತ್ತಿದ್ದಿರಿ. ಹದಿನಾಲ್ಕು ಅಕ್ಷರ ಇರಬೇಕು, ಅದರಲ್ಲಿ ಅಂಕಿ ಇರಬೇಕು, ಚಿಹ್ನೆ ಇರಬೇಕು, ನಲವತ್ತೈದು ದಿನಕ್ಕೊಮ್ಮೆ ಬದಲಾಯಿಸಬೇಕು, ಹಿಂದಿನ ಹತ್ತರಲ್ಲಿ ಯಾವುದೂ ಮತ್ತೆ ಬರಬಾರದು. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಲೂ ಬಿಡುತ್ತಿರಲಿಲ್ಲ, ಒಂದೊಂದೇ ಅಕ್ಷರ ಕುಟ್ಟಬೇಕು. ಸೋಪಿನ ನೀರಿನಿಂದ ಆಗಷ್ಟೇ ಎದ್ದ ಬೆರಳಲ್ಲಿ ಕುಟ್ಟಿ ನೋಡಿ, ಗೊತ್ತಾಗುತ್ತದೆ. ನಾನು ಅವನ್ನೆಲ್ಲ ನಮ್ಮ ಕಲೆಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಯಾವ ಕಲೆ ಯಾವುದರಿಂದ ಹೋಗುತ್ತದೆ ಎಂದು ಬರೆದಿಡುವ ಪುಸ್ತಕ ಅದು. ಮೇಣದ ಕಲೆಗೆ ಕಾಗದ ಇಟ್ಟು ಇಸ್ತ್ರಿ, ಅದರ ಕೆಳಗೆ ನಿಮ್ಮ ಪಾಸ್‌ವರ್ಡು, ಅದರ ಕೆಳಗೆ ಶಾಯಿ ಕಲೆ. ಅಂಗಡಿಗೆ ಬಂದವರು ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ನಿಮ್ಮ ನೀತಿ ನನಗೆ ಕಲಿಸಿದ ವಿದ್ಯೆ ಎಂದರೆ ಪಾಸ್‌ವರ್ಡಿನ ಕೊನೆಯ ಅಂಕಿಯನ್ನು ಏಳರಿಂದ ಎಂಟಕ್ಕೆ, ಎಂಟರಿಂದ ಒಂಬತ್ತಕ್ಕೆ ಏರಿಸುವುದು. ಸತ್ಯ ಹೇಳಿ, ನೀವೂ ಅದನ್ನೇ ಮಾಡುತ್ತಿರಲಿಲ್ಲವೇ?

ಆ ಕಾಲದಲ್ಲೇ ನಮ್ಮವರು ಒಮ್ಮೆ ಮೋಸ ಹೋದರು. ಸೋಪಿನ ಪುಡಿ ಕಳಿಸುವ ಕಂಪನಿಯಿಂದ ಬಂದಂತೆ ಕಾಣುವ ಒಂದು ಸಂದೇಶ ಬಂತು. ನಿಮ್ಮ ಮಾಲು ದಾರಿಯಲ್ಲಿ ನಿಂತಿದೆ, ಲಾಗಿನ್ ಆಗಿ ಎಂದಿತ್ತು. ಅದೇ ಬಣ್ಣದ, ಅದೇ ಚಿತ್ರದ ಪುಟ. ಪಾಪ, ಇವರು ಪಾಸ್‌ವರ್ಡು ಒತ್ತಿದರು. ಸಂಜೆಯೊಳಗೆ ಯಾರೋ ನಮ್ಮ ಹೆಸರಿನಲ್ಲಿ ನಲವತ್ತು ಡಬ್ಬ ಬ್ಲೀಚು ಎಲ್ಲಿಗೋ ತರಿಸಿಕೊಂಡಿದ್ದರು. ಕಳ್ಳನಿಗೆ ಅಷ್ಟೊಂದು ಬ್ಲೀಚು ಏತಕ್ಕೆ ಬೇಕಿತ್ತೋ ನಮಗೆ ಈವರೆಗೂ ಬಗೆಹರಿದಿಲ್ಲ.

ಆಗ ನಮ್ಮ ಓರಗಿತ್ತಿ ರಂಗಕ್ಕೆ ಇಳಿದಳು. ಅವಳು ನನ್ನ ಮೈದುನನ ಹೆಂಡತಿ, ಗ್ರಂಥಾಲಯದಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಾಳೆ. ದಿನವಿಡೀ ಪಾಸ್‌ವರ್ಡು ಮರೆತವರ ಗೋಳು ಕೇಳುವುದೇ ಅವಳ ಕೆಲಸ. ಒಂದು ಭಾನುವಾರ ಬಂದು, ನನ್ನ ಕಲೆಪುಸ್ತಕ ತೆರೆದು ನೋಡಿ, ಅದನ್ನು ಮುಚ್ಚಿ ಕೌಂಟರಿನ ಕೆಳಗೆ ತಳ್ಳಿದಳು. ಆಮೇಲೆ ನನ್ನ ಫೋನಿಗೂ ಅಂಗಡಿಯ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್ ಮ್ಯಾನೇಜರು ಹಾಕಿಕೊಟ್ಟಳು. ನೆನಪಿಡಬೇಕಾದ್ದು ಒಂದೇ ಉದ್ದನೆಯ ಪಾಸ್‌ವರ್ಡು, ಮ್ಯಾನೇಜರಿನದು. ಮಿಕ್ಕಿದ್ದನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಎಲ್ಲೆಲ್ಲಿ ಪಾಸ್‌ಕೀ ಮಾಡಲು ಬಿಡುತ್ತಾರೋ ಅಲ್ಲೆಲ್ಲ ಪಾಸ್‌ಕೀ ಮಾಡಿಸಿದಳು.

ಪಾಸ್‌ಕೀ ಅಂದರೆ ಏನೆಂದು ನಾನು ಕೇಳಿದೆ. ಅವಳು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಅದರಲ್ಲಿ ಎರಡು ಭಾಗ. ಒಂದು ಜಾಲತಾಣದ ಹತ್ತಿರ ಇರುತ್ತದೆ, ಅದನ್ನು ಕದ್ದರೂ ಕಳ್ಳನಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಇನ್ನೊಂದು ನಮ್ಮ ಮ್ಯಾನೇಜರಿನಲ್ಲಿ ಇರುತ್ತದೆ, ಹೊರಗೆ ಬರುವುದೇ ಇಲ್ಲ. ಬೆರಳು ಒತ್ತಿದರೆ ಅಥವಾ ಪಿನ್ ಹಾಕಿದರೆ ಇವೆರಡೂ ತಮ್ಮತಮ್ಮಲ್ಲೇ ಗುರುತು ಹಿಡಿದುಕೊಳ್ಳುತ್ತವೆ. ಸುಳ್ಳು ಪುಟ ಬಂದು ಅಸಲಿಯ ವೇಷ ಹಾಕಿ ನಿಂತರೆ ಮ್ಯಾನೇಜರು ಕಮಕ್ ಕಿಮಕ್ ಅನ್ನುವುದಿಲ್ಲ. ನಮ್ಮವರಂಥವರು ಎಷ್ಟೇ ಉತ್ಸಾಹದಿಂದ ಒತ್ತಿದರೂ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. "ನಿಮಗೇ ಗೊತ್ತಿಲ್ಲದ ಗುಟ್ಟನ್ನ ನಿಮ್ಮ ಬಾಯಿಂದ ಯಾರು ಬಿಡಿಸ್ತಾರೆ ಅಕ್ಕ?" ಎಂದಳು. ನಮ್ಮವರು ಆ ಹೊತ್ತಿಗೆ ಇಸ್ತ್ರಿಯ ಕಡೆ ಬಹಳ ಗಮನ ಕೊಟ್ಟಿದ್ದರು. ಫೋನಿನಲ್ಲಿ ಮಾಡಿದ ಪಾಸ್‌ಕೀ ಕಂಪ್ಯೂಟರಿನಲ್ಲೂ ನಡೆಯುತ್ತಿತ್ತು, ಏಕೆಂದರೆ ಅದು ಇದ್ದದ್ದು ಮ್ಯಾನೇಜರಿನಲ್ಲಿ. ವಿದ್ಯುತ್ತು, ಬ್ಯಾಂಕು, ಸೋಪಿನ ಕಂಪನಿ, ಗ್ರಂಥಾಲಯ ಎಲ್ಲವೂ ಒಂದೇ ಬೆರಳಿಗೆ ತೆರೆದುಕೊಂಡವು. ಮ್ಯಾನೇಜರಿನ ದೊಡ್ಡ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಓರಗಿತ್ತಿಯ ಬೀರುವಿನಲ್ಲಿ ಇಡಿಸಿದೆ. ನಾನು ಸತ್ತರೂ ವಿದ್ಯುತ್ ಬಿಲ್ಲು ನಿಲ್ಲುವುದಿಲ್ಲ ಎಂದು ನೆಮ್ಮದಿಯಾಗಿ ಉಸಿರುಬಿಟ್ಟೆ.

ಹೀಗಿರುವಾಗ ನಿಮ್ಮ ಪ್ರಕಟಣೆ ಬಂತು. ಇನ್ನು ಮುಂದೆ ಆರೋಗ್ಯ ಸೇವೆಯ ಖಾತೆಗಳಿಗೂ ಪಾಸ್‌ಕೀ! ನಾನು ಚಪ್ಪಾಳೆ ತಟ್ಟಿದ್ದು ಕೇಳಿ ನಮ್ಮವರು ಏನೋ ಬಹುಮಾನ ಬಂದಿದೆಯೆಂದು ಓಡಿ ಬಂದರು. ಅಷ್ಟರಲ್ಲಿ ನನ್ನ ಕಣ್ಣು ಕೆಳಗಿನ ಸಾಲುಗಳಿಗೆ ಇಳಿದಿತ್ತು. ಪಾಸ್‌ಕೀಯನ್ನು ಫೋನಿನೊಳಗೇ ಇಡತಕ್ಕದ್ದು. ಪಾಸ್‌ವರ್ಡ್ ಮ್ಯಾನೇಜರುಗಳಲ್ಲಿ ಇರಿಸಿದ ಪಾಸ್‌ಕೀಯನ್ನು ಸ್ವೀಕರಿಸಲಾಗುವುದಿಲ್ಲ. ಒಂದು ಖಾತೆಗೆ ಒಂದೇ ಪಾಸ್‌ಕೀ. ಪಾಸ್‌ಕೀ ಮಾಡಿದ ಕೂಡಲೇ ಹಳೆಯ ಪಾಸ್‌ವರ್ಡು ರದ್ದಾಗತಕ್ಕದ್ದು. ಓದಿ ಓದಿ ನನ್ನ ಮುಖ ಹಿಂಡಿದ ಬಟ್ಟೆಯಂತಾಯಿತು. ನಿಮ್ಮ ಹೆಲ್ಪ್‌ಲೈನಿಗೆ ಫೋನು ಮಾಡಿ, ಮ್ಯಾನೇಜರಿನಲ್ಲಿ ಇಟ್ಟರೆ ಏನು ತೊಂದರೆ ಎಂದು ಕೇಳಿದೆ. ಭದ್ರತೆಯ ದೃಷ್ಟಿಯಿಂದ ಎಂದರು. ಫೋನು ಕಳೆದರೆ ಏನು ಗತಿ ಎಂದೆ. ಆ ಕಡೆಯಿಂದ ಬಂದ ಉತ್ತರವನ್ನು ಅಕ್ಷರ ಬಿಡದೆ ಕೊಡುತ್ತಿದ್ದೇನೆ. "ಜೋಪಾನವಾಗಿ ಇಟ್ಕೊಳ್ಳಿ ಮೇಡಂ."

ಮಾವನವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಪಾಸ್‌ಕೀ ಹಿಡಿಸುವುದಿಲ್ಲ. ಹಾಗಾಗಿ ಅವರ ಖಾತೆಯ ಒಂದೇ ಒಂದು ಪಾಸ್‌ಕೀ ನನ್ನ ಫೋನಿಗೆ ಬಂದು ಕುಳಿತಿತು. ನಾನು ಅದನ್ನು ಜೋಪಾನವಾಗಿಯೇ ಇಟ್ಟುಕೊಂಡೆ. ಎಲ್ಲಿ? ನನ್ನ ಏಪ್ರನ್ನಿನ ಕಿಸೆಯಲ್ಲಿ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಲಾಂಡ್ರಿಗೆ ಬಂದ ಪ್ರತಿ ಬಟ್ಟೆಯ ಕಿಸೆಯನ್ನು ನಾವು ಎರಡು ಸಲ ತಡವುತ್ತೇವೆ. ಕೌಂಟರಿನಲ್ಲಿ ನಾನು, ಯಂತ್ರಕ್ಕೆ ಹಾಕುವ ಮುಂಚೆ ನಮ್ಮವರು. ಹೀಗೆ ತಡವಿ ಹಲ್ಲಿನ ಸೆಟ್ಟು, ಮದುವೆಯ ಉಂಗುರ, ಅರ್ಧ ತಿಂದ ಬಿಸ್ಕತ್ತು, ಒಮ್ಮೆ ಒಂದು ಜೀವಂತ ಆಮೆಮರಿಯನ್ನೂ ಹೊರತೆಗೆದಿದ್ದೇವೆ. ಇಪ್ಪತ್ತೆರಡು ವರ್ಷದಲ್ಲಿ ಗಿರಾಕಿಗಳ ಒಂದು ಗುಂಡಿಯೂ ನೀರುಪಾಲಾಗಿಲ್ಲ. ಆದರೆ ನಮ್ಮದೇ ಏಪ್ರನ್ನುಗಳನ್ನು ಯಾರೂ ತಡವುವುದಿಲ್ಲ. ಗುರುತು ಹಾಕುವ ಸೀಮೆಸುಣ್ಣ ಬಿಟ್ಟು ಅದರಲ್ಲಿ ಏನಿರುತ್ತದೆ ಎಂಬ ಉಡಾಫೆ. ಶನಿವಾರ ಅಂಗಡಿ ಮುಚ್ಚುವ ಮುಂಚೆ ನಾಲ್ಕೂ ಏಪ್ರನ್ನು ಸುತ್ತಿ, ಕುದಿನೀರಿನ ಯಂತ್ರಕ್ಕೆ ತುರುಕಿ, ಬ್ಲೀಚು ಸುರಿಯುವುದು ವಾಡಿಕೆ. ಆ ಶನಿವಾರವೂ ಹಾಗೇ ಆಯಿತು. ಗಾಜಿನ ಬಾಗಿಲಿನ ಹಿಂದೆ ಏನೋ ಟಕಟಕ ಎನ್ನುತ್ತಿದೆಯಲ್ಲ, ಯಾವುದೋ ಗುಂಡಿ ಇರಬೇಕು ಎಂದು ನಾನೇ ಹೇಳಿದ್ದು. ನಲವತ್ತು ನಿಮಿಷ ಬಿಟ್ಟು ಹೊರಬಂದ ನನ್ನ ಫೋನು ಹೊಸದಾಗಿ ಕೊಂಡು ತಂದ ದಿನವೂ ಅಷ್ಟು ಶುಭ್ರವಾಗಿರಲಿಲ್ಲ. ನಮ್ಮವರು ಏನೂ ತೋಚದೆ ಅದಕ್ಕೊಂದು ಕ್ಲಿಪ್ಪು ಸಿಕ್ಕಿಸಿ ಹಗ್ಗಕ್ಕೆ ನೇತುಹಾಕಿದರು.

ತಪ್ಪು ನನ್ನದೇ, ಮಾನ್ಯರೇ. ಒಪ್ಪಿಕೊಂಡೆ. ಆದರೆ ಮುಂದಿನದನ್ನು ಕೇಳಿ. ಭಾನುವಾರ ಬೆಳಿಗ್ಗೆ ಮೈದುನನ ಹಳೆಯ ಫೋನಿಗೆ ನನ್ನ ಸಿಮ್ಮು ಹಾಕಿದೆ. ಪುಣ್ಯಕ್ಕೆ ಸಿಮ್ಮು ಬದುಕಿತ್ತು. ಮ್ಯಾನೇಜರು ಹಾಕಿಕೊಂಡು ದೊಡ್ಡ ಪಾಸ್‌ವರ್ಡು ಒತ್ತಿದೆ. ಟೀ ಆರುವುದರೊಳಗೆ ಬ್ಯಾಂಕು, ವಿದ್ಯುತ್ತು, ಸೋಪಿನ ಕಂಪನಿ, ಗ್ರಂಥಾಲಯ ಎಲ್ಲವೂ ಏನೂ ಆಗಿಲ್ಲವೆಂಬಂತೆ ಬಾಗಿಲು ತೆರೆದವು. ಅಂಗಡಿಯ ಕಂಪ್ಯೂಟರಿನಲ್ಲಂತೂ ಅವು ಮುಚ್ಚಿಯೇ ಇರಲಿಲ್ಲ. ನಾನು ಗೆದ್ದೆನೆಂದು ಬೀಗಿದೆ. ನಿಮ್ಮ ಜಾಲತಾಣದ ನೆನಪು ಆವತ್ತು ಬರಲೇ ಇಲ್ಲ.

ಮಂಗಳವಾರ ಹನ್ನೊಂದು ಗಂಟೆಗೆ ಸಂದೇಶ ಬಂತು. ಬಲಗಣ್ಣಿಗೆ ಇಂಥ ದಿನ, ಎಡಗಣ್ಣಿಗೆ ಇಂಥ ದಿನ, ಎಪ್ಪತ್ತೆರಡು ಗಂಟೆಯೊಳಗೆ ಲಾಗಿನ್ ಆಗಿ ದೃಢಪಡಿಸಿ. ಮಾವನವರು ಕುರ್ಚಿಯಿಂದ ಎದ್ದು ಬಂದು, ಇನ್ನೊಂದು ಸಲ ಓದು ಎಂದರು. ಎರಡು ಸಲ ಓದಿದೆ. ತಲೆ ಬಾಚಿಕೊಂಡು ಬಂದು ಮೂರನೆಯ ಸಲ ಓದಿಸಿದರು. ಆಮೇಲೆ ನಾನು ನಿಮ್ಮ ಬಾಗಿಲು ತಟ್ಟಿದೆ.

ನೋಂದಾಯಿಸಿದ ಫೋನನ್ನು ಬಳಸಿ ಎಂದಿತು ನಿಮ್ಮ ಪುಟ. ಫೋನು ಕಳೆದಿದೆ ಎಂಬ ಗುಂಡಿ ಒತ್ತಿದೆ. ಹೊಸ ಫೋನು ಸೇರಿಸಲು ಹಳೆಯ ಫೋನಿನಲ್ಲಿ ಒಪ್ಪಿಗೆ ನೀಡಿ ಎಂದಿತು. ನಾನು ತಲೆಯೆತ್ತಿ ಹಗ್ಗದ ಕಡೆ ನೋಡಿದೆ. ಒಪ್ಪಿಗೆ ನೀಡುವ ಸ್ಥಿತಿಯಲ್ಲಿ ಅದು ಇರಲಿಲ್ಲ. ನಿಮ್ಮ ಹೆಲ್ಪ್‌ಲೈನಿನವರು ಲಾಗಿನ್ ಆಗಿ ಮನವಿ ಸಲ್ಲಿಸಲು ಹೇಳಿದರು. ಲಾಗಿನ್ ಆಗಲಾಗದ್ದೇ ಸಮಸ್ಯೆ ಎಂದೆ. ಆ ಸಮಸ್ಯೆಯನ್ನೇ ಮನವಿಯಲ್ಲಿ ಬರೆಯಿರಿ ಎಂದರು. ಹೀಗೆ ನಾವಿಬ್ಬರೂ ಗಾಣದ ಎತ್ತಿನಂತೆ ನಾಲ್ಕು ಸುತ್ತು ಸುತ್ತಿದೆವು. ಕೊನೆಗೆ ಅವರೇ ಸುಸ್ತಾಗಿ ಫೋನು ಇಟ್ಟರು.

ಬುಧವಾರ ಅಂಗಡಿ ಮುಚ್ಚಿ, ಮಾವನವರ ಕೈ ಹಿಡಿದುಕೊಂಡು ನಿಮ್ಮ ಕಚೇರಿಗೇ ಬಂದೆ. ಮೆಟ್ಟಿಲು ಎಣಿಸಿ ಹೇಳುತ್ತಾ ಬಂದೆ, ಏಕೆಂದರೆ ನಿಮ್ಮ ಮೆಟ್ಟಿಲುಗಳ ಅಂಚಿಗೆ ಬಣ್ಣ ಬಳಿದಿಲ್ಲ. ನಾಲ್ಕನೆಯ ಕೌಂಟರಿನ ಗುಮಾಸ್ತೆಯ ಮುಂದೆ ಗುರುತಿನ ಚೀಟಿ ಇಟ್ಟೆ, ವೈದ್ಯರ ಪತ್ರ ಇಟ್ಟೆ, ಏಳು ತಿಂಗಳ ಹಿಂದಿನ ರಶೀದಿ ಇಟ್ಟೆ, ಎಲ್ಲಕ್ಕಿಂತ ಮಿಗಿಲಾಗಿ ಸಾಕ್ಷಾತ್ ಮಾವನವರನ್ನೇ ನಿಲ್ಲಿಸಿದೆ. ಆಕೆ ಒಳ್ಳೆಯ ಹೆಂಗಸು. ಚೀಟಿಯ ಫೋಟೋ ನೋಡಿದರು, ಇವರ ಮುಖ ನೋಡಿದರು, ಹುಟ್ಟಿದ ದಿನ ಕೇಳಿದರು, ಕುರ್ಚಿ ಕೊಟ್ಟು ಕೂರಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. "ಇವರೇ ಇವರು ಅಂತ ನನಗೆ ಗೊತ್ತಾಗ್ತಿದೆ ಮೇಡಂ. ಸಿಸ್ಟಮ್ಮಿಗೆ ಗೊತ್ತಾಗ್ಬೇಕಲ್ಲ."

ಫೋನು ಬದಲಾವಣೆಯ ಅರ್ಜಿ ಕೊಟ್ಟರು. ಕೆಲಸದ ದಿನ ಲೆಕ್ಕ ಹಿಡಿದು ಹದಿನೈದು ದಿನ ಬೇಕಂತೆ. ನಮಗಿದ್ದದ್ದು ನಲವತ್ತೆಂಟು ಗಂಟೆ. ಆಸ್ಪತ್ರೆಗೆ ಓಡಿದೆವು. ಅಲ್ಲಿನವರು, ಹಾಸಿಗೆ ಇದೆ, ವೈದ್ಯರು ಇದ್ದಾರೆ, ಆದರೆ ದೃಢೀಕರಣ ಜಾಲತಾಣದಿಂದಲೇ ಬರಬೇಕು ಎಂದು ಕೈಚೆಲ್ಲಿದರು. ಶುಕ್ರವಾರ ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ನಿಮ್ಮ ಸಂದೇಶ ಬಂತು. ನೀವು ದೃಢಪಡಿಸದ ಕಾರಣ ಎರಡೂ ದಿನಾಂಕ ರದ್ದಾಗಿವೆ, ನಿಮ್ಮ ಹೆಸರನ್ನು ಸರದಿಯ ಕೊನೆಗೆ ಸೇರಿಸಲಾಗಿದೆ, ಸಹಕಾರಕ್ಕೆ ಧನ್ಯವಾದ. ಮೂರು ದಿನ ನಮ್ಮನ್ನು ಗುರುತಿಸದ ನಿಮ್ಮ ಯಂತ್ರಕ್ಕೆ ಈ ಒಂದು ಸಂದೇಶ ಕಳಿಸುವ ಹೊತ್ತಿಗೆ ಮಾತ್ರ ನಮ್ಮ ವಿಳಾಸ ತಪ್ಪಲಿಲ್ಲ ನೋಡಿ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಎಲ್ಲ ಬೀಗದ ಕೈಗಳನ್ನೂ ಒಂದೇ ಡಬ್ಬಿಯಲ್ಲಿ ಇಟ್ಟರೆ ಡಬ್ಬಿ ಕದ್ದವನಿಗೆ ಮನೆಯೇ ಸಿಕ್ಕಂತೆ ಎಂದು ನಿಮ್ಮ ಪ್ರಕಟಣೆಯಲ್ಲಿ ಬರೆದಿದ್ದೀರಿ. ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ದೊಡ್ಡ ಪಾಸ್‌ವರ್ಡನ್ನು ಸಸಾರ ಮಾಡಿದರೆ ಕೆಡುಕು ತಪ್ಪಿದ್ದಲ್ಲ. ಓರಗಿತ್ತಿ ಅದನ್ನು ನನಗೆ ಹತ್ತು ಸಲ ಹೇಳಿದ್ದಾಳೆ. ಆದರೆ ಫೋನೂ ಒಂದು ಡಬ್ಬಿಯೇ ಅಲ್ಲವೇ? ಕೆಳಗೆ ಬೀಳುವ, ಕಳೆದುಹೋಗುವ, ಬಸ್ಸಿನಲ್ಲಿ ಉಳಿದುಬಿಡುವ, ಬ್ಲೀಚಿನಲ್ಲಿ ಕುದಿಯುವ ಡಬ್ಬಿ. ಮಿಲಿಟರಿ ಗುಟ್ಟು ಕಾಯುವವರು ತಮ್ಮ ಕೀಲಿಯನ್ನು ಒಂದೇ ಸಾಧನಕ್ಕೆ ಕಟ್ಟಿಹಾಕಲಿ, ಯಾರು ಬೇಡ ಎಂದರು? ನಮ್ಮ ಮಾವನವರ ಖಾತೆಯಲ್ಲಿ ಇರುವುದು ಎರಡು ಪೊರೆ ಬಂದ ಕಣ್ಣು. ಅದನ್ನು ಕದ್ದು ಯಾರೂ ಉದ್ಧಾರ ಆಗುವುದಿಲ್ಲ. ಕಳ್ಳ ಒಳಗೆ ಬರಬಾರದು ಎಂದು ನೀವು ಪಟ್ಟ ಕಷ್ಟದಲ್ಲಿ ಕಾಲು ಭಾಗ, ಮನೆಯವರು ಹೊರಗೆ ಉಳಿಯಬಾರದು ಎಂಬುದಕ್ಕೆ ಪಟ್ಟಿದ್ದರೆ ಸಾಕಿತ್ತು.

ಇನ್ನೊಂದು ಮಾತು. ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕಳೆದ ತಿಂಗಳು ನಿಮ್ಮ ಕಚೇರಿಯ ಬಿಲ್ಲೆ ಚುಚ್ಚಿದ್ದ ಒಂದು ಬೂದು ಕೋಟು ನಮ್ಮಲ್ಲಿಗೆ ಬಂದಿತ್ತು. ಕಿಸೆಯಲ್ಲಿ ಒಂದು ಚೀಟಿ. ಸಿಕ್ಕಿದ್ದನ್ನು ಓದದೆ ಲಕೋಟೆಗೆ ಹಾಕಿ ರಶೀದಿಗೆ ಪಿನ್ನು ಹೊಡೆಯುವುದು ನಮ್ಮ ನಿಯಮ. ಆದರೆ ಈ ಚೀಟಿ ಬಾಯಿ ತೆರೆದುಕೊಂಡೇ ಕೈಗೆ ಬಂತು. ಅದರಲ್ಲಿ ಹದಿನಾಲ್ಕು ಅಕ್ಷರದ ಒಂದು ಪದ ಇತ್ತು. ಕೊನೆಯಲ್ಲಿ ಒಂದು ಅಂಕಿ. ಆ ಅಂಕಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಮುಂದಿನ ಅಂಕಿ, ಅದನ್ನೂ ಹೊಡೆದುಹಾಕಿ ಅದರ ಮುಂದಿನದು. ಕೋಟು ಯಾರದೆಂದು ನಾನು ಹೇಳುವುದಿಲ್ಲ. ಚೀಟಿ ಕ್ಷೇಮವಾಗಿ ಅವರ ಕೈ ಸೇರಿದೆ. ಅವರ ಮೇಲೆ ನನಗೆ ಕೋಪವೂ ಇಲ್ಲ, ನನ್ನ ಕಲೆಪುಸ್ತಕದ ಒಡಹುಟ್ಟಿದವರನ್ನು ಕಂಡಷ್ಟೇ ಸಂತೋಷವಾಯಿತು. ಅವರಿಗೆ ಒಂದು ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರು ಹಾಕಿಸಿಕೊಡಿ. ನಮ್ಮ ಓರಗಿತ್ತಿಗೆ ಭಾನುವಾರ ಬಿಡುವಿರುತ್ತದೆ.

ಹಾಗಾದರೆ ನಾನು ಕೇಳುತ್ತಿರುವುದು ಏನು? ಪಾಸ್‌ಕೀ ಬೇಡ ಎಂದು ನಾನು ಹೇಳುತ್ತಿಲ್ಲ, ಅದರಷ್ಟು ಸುಖ ಇನ್ನೊಂದಿಲ್ಲ. ಅದನ್ನು ನನ್ನ ಮ್ಯಾನೇಜರಿನಲ್ಲಿ ಇಡಲು ಬಿಡಿ, ಫೋನು ಹೋದರೂ ಕಂಪ್ಯೂಟರಿನಿಂದ ಒಳಗೆ ಬರುತ್ತೇನೆ. ಮ್ಯಾನೇಜರು ಕಂಡರೆ ನಿಮಗೆ ಅಷ್ಟೊಂದು ಅಲರ್ಜಿಯಿದ್ದರೆ, ಒಂದು ಖಾತೆಗೆ ಎರಡು ಮೂರು ಪಾಸ್‌ಕೀಯಾದರೂ ಇರಲಿ. ಮಾವನವರ ಖಾತೆಗೆ ನಾನು ಕಳ್ಳಿಯಂತೆ ಅವರ ವೇಷದಲ್ಲಿ ನುಗ್ಗುವ ಬದಲು, ಇವಳು ಸೊಸೆ, ಇವಳಿಗೂ ಒಂದು ಕೀ ಇರಲಿ ಎಂದು ರಾಜಾರೋಷವಾಗಿ ಬರೆದುಕೊಳ್ಳಿ. ಮತ್ತು ನಾಲ್ಕನೆಯ ಕೌಂಟರಿನ ಆ ಹೆಂಗಸು ಎದುರಿಗೆ ನಿಂತ ಮನುಷ್ಯನ ಮುಖ ನೋಡಿ ಇವರೇ ಇವರು ಎಂದರೆ, ಆಕೆಯ ಮಾತಿಗೆ ಬೆಲೆ ಕೊಡಿ. ಆಕೆಗೆ ನೀವು ಕುರ್ಚಿ ಹಾಕಿ ಕೂರಿಸಿರುವುದು ಅದಕ್ಕೇ ಅಲ್ಲವೇ?

ಇಷ್ಟೆಲ್ಲ ಬರೆದು ನಿನ್ನೆ ಮಧ್ಯಾಹ್ನ ಪತ್ರವನ್ನು ಮಾವನವರಿಗೆ ಓದಿ ಹೇಳಿದೆ. ತಿದ್ದುವುದಿದ್ದರೆ ಹೇಳಿ, ನೀವು ಹೇಳಿದ್ದನ್ನು ಹೇಳಿದ ಹಾಗೇ ಸೇರಿಸುತ್ತೇನೆ ಎಂದು ಮಾತು ಕೊಟ್ಟೆ. ಅವರು ಕಿಟಕಿಯ ಪಕ್ಕ ಒಂದು ಕಂದು ಕೋಟು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ತೂತಿನ ಅಂಚನ್ನು ಈಗ ಬೆರಳಿನಿಂದ ಸವರಿ ಹುಡುಕುತ್ತಾರೆ. ಪತ್ರ ಕೇಳಿ ಒಂದೆರಡು ಕಡೆ ನಕ್ಕರು. ಅಷ್ಟು ಬೈಯಬೇಡ, ಅವರಿಗೂ ಮೇಲಿನವರು ಇರುತ್ತಾರೆ ಎಂದರು. ಆಮೇಲೆ ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿದರು. ನಾನು ಸೊಸೆಯಾಗಿ ಈ ಮನೆಗೆ ಬಂದಂದಿನಿಂದ ಅವರು ಸೂಜಿಗೆ ದಾರ ಪೋಣಿಸಿಕೊಡು ಎಂದು ಯಾರನ್ನೂ ಕೇಳಿದವರಲ್ಲ. ಈ ಸಲ ಪರೀಕ್ಷೆ ಮಾಡುವ ನಾಟಕವೂ ಇರಲಿಲ್ಲ. ನಾನು ಪೋಣಿಸುತ್ತಿದ್ದಾಗ ಅವರು ಹೇಳಿದರು.

"ಎರಡು ಅಂತ ಕೇಳಿದ್ರೆ ಅವರಿಗೆ ಕಷ್ಟ ಆಗ್ಬಹುದು ಕಣಮ್ಮ. ಬಲಗಣ್ಣು ಒಂದು ಮಾಡಿಕೊಟ್ರೆ ಸಾಕು ಅಂತ ಬರಿ. ಸೂಜಿ ಹಿಡಿಯೋಕೆ ಒಂದು ಸಾಕು."

ನಮ್ಮ ಕೌಂಟರಿಗೆ ದಿನಕ್ಕೆ ಹತ್ತು ಜನ ಚೌಕಾಸಿಗೆ ಬರುತ್ತಾರೆ. ತಮ್ಮ ಕಣ್ಣಿಗೇ ಚೌಕಾಸಿ ಮಾಡಿದವರನ್ನು ನಾನು ಕಂಡದ್ದು ಇದೇ ಮೊದಲು. ಸೂಜಿ ಅವರ ಕೈಗಿಟ್ಟು, ಯಂತ್ರಗಳ ಸದ್ದು ಜೋರಾಗಿರುವ ಕಡೆ ಹೋಗಿ ನಿಂತು ಅತ್ತು ಬಂದೆ. ಅವರು ಹೇಳಿದ್ದನ್ನು ಕೊಟ್ಟ ಮಾತಿನಂತೆ ಮೇಲೆ ಬರೆದಿದ್ದೇನೆ. ಆದರೆ ಪತ್ರ ನನ್ನದು, ಮಾನ್ಯರೇ, ಕೇಳುತ್ತಿರುವವಳೂ ನಾನೇ. ಬಲಗಣ್ಣೂ ಬೇಕು, ಎಡಗಣ್ಣೂ ಬೇಕು. ಸರದಿಯ ಕೊನೆಯಿಂದ ಅವರನ್ನು ಎಬ್ಬಿಸಿ ಮೊದಲು ಎಲ್ಲಿದ್ದರೋ ಅಲ್ಲಿಗೇ ಕರೆತನ್ನಿ, ಈ ತಿಂಗಳು ಮುಗಿಯುವುದರೊಳಗೆ.

ಇಂತಿ,
ಸೂಜಿಗೆ ದಾರ ಪೋಣಿಸುವ ಕೆಲಸ ಹೊಸದಾಗಿ ಸಿಕ್ಕಿರುವ,
ಆ ಕೆಲಸದಿಂದ ತನ್ನನ್ನು ಬೇಗ ತೆಗೆದುಹಾಕಲಿ ಎಂದು ಕಾಯುತ್ತಿರುವ
ಒಬ್ಬ ಸೊಸೆ